ತಣಿದ ಶ್ಯಾವಿಗೆ

ನಮ್ಮ ಮನೆಗೆ ಭಾನುವಾರದ ಊಟಕ್ಕೆ ಬಂದವರು ಅಡುಗೆಮನೆಗೆ ಇಣುಕಿದರೆ ಮೊದಲು ಅವರ ಮುಖ ಸಣ್ಣದಾಗುತ್ತದೆ. ಮಂಗಳೂರಿನಲ್ಲಿ ಅಕ್ಕಿ ಶ್ಯಾವಿಗೆ ಎಂದರೆ ಒತ್ತುವ ಮಣೆಯಿಂದ ಇಳಿದ ಹಾಗೆಯೇ ತಟ್ಟೆಗೆ ಬೀಳಬೇಕು. ಆವಿಯಾಡದ ಶ್ಯಾವಿಗೆಯನ್ನು ನೆಂಟರಿಗೆ ಬಡಿಸುವುದೆಂದರೆ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತನಾಡಿಸಿ ಕಳಿಸಿದಂತೆ. ನಾನಾದರೋ ಶನಿವಾರ ಸಂಜೆಯೇ ಒತ್ತಿ, ಗೆರಸೆಯಲ್ಲಿ ಹರಡಿ, ತೆಳು ಬಟ್ಟೆ ಮುಚ್ಚಿ ಇಟ್ಟುಬಿಡುತ್ತೇನೆ. ಕಳೆದ ತಿಂಗಳು ಬಂದಿದ್ದ ನನ್ನ ನಾದಿನಿ ಬಟ್ಟೆಯ ಅಂಚು ಎತ್ತಿ ನೋಡಿ, ಬೆರಳಲ್ಲಿ ಒತ್ತಿ, ತಡೆಯಲಾರದೆ ಕೇಳಿಯೇಬಿಟ್ಟಳು.

"ಎಂತ ಅತ್ತಿಗೆ, ಇದು ನಿನ್ನೆಯದ್ದಾ?"

"ಹೌದು, ನಿನ್ನೆಯದ್ದೇ. ತಿಂದು ಆಮೇಲೆ ಹೇಳು."

ಹೀಗೆ ಮುಖಕ್ಕೇ ಹೇಳುವ ಚಾಳಿಯಿಂದ ನನಗೆ ಬಾಯಿ ಜಾಸ್ತಿ ಎಂಬ ಹೆಸರು ಬಂದಿದೆ. ಬಲ್ಮಠದ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಾಗ ಮಕ್ಕಳಿಗಿಂತ ಹೆಚ್ಚಾಗಿ ಸ್ಟಾಫ್ ರೂಮಿನವರು ನನಗೆ ಹೆದರುತ್ತಿದ್ದರು. ಮದುವೆಯಾದ ಹೊಸತರಲ್ಲಿ ಗಂಡನ ಷರಟಿನ ಬಣ್ಣ ಚೆನ್ನಾಗಿಲ್ಲವೆಂದು ಅವರ ಅಕ್ಕನೆದುರೇ ಹೇಳಿದ್ದೆ, ಆ ಷರಟು ತಂದುಕೊಟ್ಟದ್ದು ಅದೇ ಅಕ್ಕ ಎಂದು ಆಮೇಲೆ ಗೊತ್ತಾಯಿತು. ಹುಟ್ಟುಗುಣ ಎಂದು ಎಲ್ಲರೂ ಕೈಬಿಟ್ಟಿದ್ದಾರೆ. ಆದರೆ ನಾನು ಹುಟ್ಟುವಾಗ ಹೀಗಿರಲಿಲ್ಲ. ನನ್ನ ಬಾಯಿ ಬಿಚ್ಚಿದ್ದು ಇದೇ ಊರಿನ ಕುಲಶೇಖರದ ನಮ್ಮ ಅಡುಗೆಮನೆಯಲ್ಲಿ, ಅಪ್ಪ ಅಮ್ಮನ ಒಂದು ಜಗಳದ ನಡುವೆ. ಆ ಜಗಳ ನಡೆದದ್ದು ಇದೇ ಶ್ಯಾವಿಗೆಗೆ.

ಅಪ್ಪ, ನಮಗೆ ಪಪ್ಪ, ಸರಕಿನ ಹಡಗಿನಲ್ಲಿ ಅಡುಗೆಯವರು. ವರ್ಷದ ಹೆಚ್ಚು ಪಾಲು ಸಮುದ್ರದ ಮೇಲೆ, ರಜೆಯಲ್ಲಿ ಮಾತ್ರ ನಮ್ಮೊಡನೆ. ಅವರು ಬಂದ ದಿನ ಪೆಟ್ಟಿಗೆಯಿಂದ ಸೆಂಟು, ಸೋಪು, ಮಿಠಾಯಿ ಎಲ್ಲ ಹೊರಬರುತ್ತಿತ್ತು ನಿಜ, ಆದರೆ ನನ್ನ ಕಣ್ಣು ಅಡಿಯಲ್ಲಿ ಹಳೆಯ ಲುಂಗಿಯಲ್ಲಿ ಸುತ್ತಿಟ್ಟ ಕಪ್ಪು ಸೋಯಾ ಸಾಸಿನ ಬಾಟಲಿಗಳ ಮೇಲೆ. ಅಂಥದ್ದೇ ಒಂದು ಲುಂಗಿಯಲ್ಲಿ ಎಂದೋ ಬಂದಿದ್ದ ಭಾರದ ಕಬ್ಬಿಣದ ಬಾಣಲೆ ನಮ್ಮ ಒಲೆಯ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಪಿನಾಂಗ್ ಬಂದರಿನಲ್ಲಿ ಹಡಗು ನಿಂತಾಗಲೆಲ್ಲ ಪಪ್ಪ ರಸ್ತೆಬದಿಯ ಒಬ್ಬ ಚೀನೀ ಮುದುಕನ ಗಾಡಿಯ ಮುಂದೆ ನಿಲ್ಲುತ್ತಿದ್ದರಂತೆ. ಅಗಲ ಎಳೆಯ ಅಕ್ಕಿ ನೂಡಲ್ಸನ್ನು ಆತ ಹಂದಿ ಕೊಬ್ಬಿನಲ್ಲಿ ಸಿಗಡಿ, ಚಿಪ್ಪುಮೀನು, ಮೊಳಕೆಕಾಳು, ಮೊಟ್ಟೆ ಹಾಕಿ ಧಗಧಗ ಉರಿಯ ಮೇಲೆ ಹಾರಿಸಿ ಹಾರಿಸಿ ಹುರಿಯುತ್ತಿದ್ದನಂತೆ. ಭಾಷೆ ಬಾರದ ಇಬ್ಬರು ಅಡುಗೆಯವರು ಬರೀ ಕೈಸನ್ನೆಯಲ್ಲಿ ಗೆಳೆಯರಾದರು, ಪಪ್ಪನ ಕೈಗೆ ಆ ಅಡುಗೆ ಹತ್ತಿತು. ಮಂಗಳೂರಿನಲ್ಲಿ ಆ ಅಗಲದ ನೂಡಲ್ಸ್ ಎಲ್ಲಿಂದ ಬರಬೇಕು? ನಮ್ಮಲ್ಲಿದ್ದದ್ದು ಮಮ್ಮಿಯ ಶ್ಯಾವಿಗೆ. ಅಲ್ಲಿಯ ಚಿಪ್ಪುಮೀನಿನ ಬದಲು ತೊಕ್ಕೊಟ್ಟಿನ ಮೀನಿನಾಕೆ ನೇತ್ರಾವತಿ ದಾಟಿಸಿ ತರುತ್ತಿದ್ದ ಹೊಳೆಯ ಚಿಪ್ಪು, ಮರುವಾಯಿ. ಹಾಗೆ ಹುಟ್ಟಿದ ತಿಂಡಿಗೆ ಪಪ್ಪ 'ಪಿನಾಂಗ್' ಎಂದೇ ಹೆಸರಿಟ್ಟರು, ನಾನೂ ತಮ್ಮನೂ 'ಕಪ್ಪು ಶ್ಯಾವಿಗೆ' ಎನ್ನುತ್ತಿದ್ದೆವು.

ಪಪ್ಪ ರಜೆಯಲ್ಲಿದ್ದ ಪ್ರತಿ ಭಾನುವಾರವೂ ಒಂದೇ ಥರ. ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ಬಂದವರೇ ಒಳ್ಳೆಯ ಬಟ್ಟೆ ಬಿಚ್ಚಿಟ್ಟು ಅಡುಗೆಮನೆಗೆ. ಮಮ್ಮಿ ನೆನೆಸಿಟ್ಟ ಕುಚ್ಚಲಕ್ಕಿಯನ್ನು ಮೊದಲೇ ಗಟ್ಟಿಯಾಗಿ ಅರೆದು ಉಂಡೆಕಟ್ಟಿ ಹಬೆಯಲ್ಲಿ ಬೇಯಲಿಟ್ಟಿರುತ್ತಿದ್ದಳು. ಮೂರು ಕಾಲಿನ ಕಬ್ಬಿಣದ ಶ್ಯಾವಿಗೆ ಮಣೆ ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಮೇಲಿನ ಹಿಡಿ ತಿರುಗಿಸಬೇಕು, ಇನ್ನೊಬ್ಬರು ಕೆಳಗೆ ಕುಳಿತು ಇಳಿಯುವ ಎಳೆಗಳನ್ನು ಬಾಳೆಲೆಯಲ್ಲಿ ಸುತ್ತಿ ಸುತ್ತಿ ಹಿಡಿಯಬೇಕು. ಉಂಡೆ ಆರಿದರೆ ಮಣೆಯಿಂದ ಇಳಿಯುವುದೇ ಇಲ್ಲ, ಆದ್ದರಿಂದ ಮಮ್ಮಿ ಕುದಿಯುವ ಪಾತ್ರೆಗೆ ಕೈಹಾಕಿದಂತೆಯೇ ಉಂಡೆ ಎತ್ತಿ ಮಣೆಗೆ ತುಂಬಬೇಕಿತ್ತು. ಪಪ್ಪ ತಿರುಗಿಸುವುದು, ಮಮ್ಮಿ ಹಿಡಿಯುವುದು. ಹಿಂದಿನ ದಿನ ಏನೇ ಮುನಿಸಿದ್ದರೂ ಮಣೆಯ ಎದುರು ಇಬ್ಬರೂ ಮಾತಾಡಲೇಬೇಕಿತ್ತು, "ತಿರುಗಿಸಿ", "ಸಾಕು", "ಇಡು" ಎಂದಾದರೂ. ಶ್ಯಾವಿಗೆ ಬಿಸಿ ಇರುವಾಗಲೇ ಮಮ್ಮಿ ಅದನ್ನು ಬಾಣಲೆಯ ಬಳಿಗೆ ಓಡಿಸುವಳು. ಪಪ್ಪ ಜಾಡಿಯಿಂದ ಬೆಳ್ಳಗಿನ ಹಂದಿ ಕೊಬ್ಬನ್ನು ಸೌಟುಗಟ್ಟಲೆ ಸುರಿಯುವರು, ಬೆಳ್ಳುಳ್ಳಿ ಚಟಪಟಿಸುವುದು, ಪಕ್ಕದ ಮನೆಯ ಗಿರಿಜಕ್ಕ ಬೇಲಿಯಾಚೆಯಿಂದ "ಪೊರ್ಬುಗಳು ಬಂದಿದ್ದಾರೆ ಅಂತ ಮೂಗಿಗೇ ಗೊತ್ತಾಯ್ತು ಬಾಯಮ್ಮ" ಎನ್ನುವುದು. ನೆರೆಯ ತುಳುವರಿಗೆ ಕ್ರಿಶ್ಚಿಯನ್ ಗಂಡಸು ಪೊರ್ಬು, ಹೆಂಗಸು ಬಾಯಮ್ಮ. ತಿಂದ ಮೇಲೆ ತುಟಿಗೆ ಹತ್ತಿದ ಜಿಡ್ಡು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಪಪ್ಪ ಮನೆಯಲ್ಲಿದ್ದಾರೆ ಎನ್ನುವುದಕ್ಕೆ ನನಗೆ ಆ ಜಿಡ್ಡೇ ಗುರುತು.

ನಾನು ಹೈಸ್ಕೂಲಿಗೆ ಸೇರಿದ ವರ್ಷ ಪಪ್ಪ ರಜೆಯಲ್ಲದ ಹೊತ್ತಿನಲ್ಲಿ ಬಂದರು. ಪೆಟ್ಟಿಗೆಯನ್ನು ಬೇರೆ ಯಾರೋ ಹೊತ್ತು ತಂದರು. ಹಡಗಿನ ಅಡುಗೆಕೋಣೆಯಲ್ಲೇ ಎದೆ ಹಿಡಿದುಕೊಂಡು ಬಿದ್ದಿದ್ದರಂತೆ. ಇನ್ನು ಹಡಗಿಲ್ಲ ಎಂದು ಕಂಪನಿ ಹೇಳಿತು. ಇನ್ನು ಹಂದಿ ಕೊಬ್ಬಿಲ್ಲ, ಸಿಗರೇಟಿಲ್ಲ, ಉಪ್ಪು ಕಡಿಮೆ, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದರು. ಮಮ್ಮಿ ಡಾಕ್ಟರಿಗಿಂತ ಮುಂದೆ ಹೋದಳು. ಕೊಬ್ಬಿನ ಜಾಡಿಯನ್ನು ತೊಳೆದು ಅದರಲ್ಲಿ ಹುಣಸೆಹಣ್ಣು ತುಂಬಿದಳು. ಬಾಣಲೆಯನ್ನು ಅಟ್ಟಕ್ಕೆ ಏರಿಸಿದಳು. ಪಪ್ಪನಿಗೆ ಅಡುಗೆಮನೆಯ ಹೊಸ್ತಿಲು ದಾಟುವುದಕ್ಕೂ ಬಿಡಲಿಲ್ಲ, ಒಲೆಯ ಕಾವು ಎದೆಗೆ ಒಳ್ಳೆಯದಲ್ಲ ಎಂದು.

ಜೀವಮಾನವಿಡೀ ಒಲೆಯ ಮುಂದೆ ನಿಂತ ಮನುಷ್ಯನನ್ನು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂರಿಸಿದರೆ ಏನಾಗಬೇಕೋ ಅದೇ ಆಯಿತು. ಪಪ್ಪ ಮಾತು ಬಿಟ್ಟರು. ಸಪ್ಪೆ ಗಂಜಿಯನ್ನು ಅಲ್ಲೇ ತರಿಸಿಕೊಂಡು, ಬೆನ್ನು ಒಳಗೆ ಮಾಡಿ, ರಸ್ತೆ ನೋಡುತ್ತ ಉಣ್ಣುತ್ತಿದ್ದರು. ಸಂಜೆ ತೇರ್ಸ, ಅಂದರೆ ಜಪಸರದ ಪ್ರಾರ್ಥನೆ, ಮುಗಿದ ಮೇಲೆ ನಾವು ಮಕ್ಕಳು ಹಿರಿಯರ ಮುಂದೆ ಕೈಮುಗಿದು ಆಶೀರ್ವಾದ ಕೇಳುವುದು ನಮ್ಮಲ್ಲಿ ಕ್ರಮ. ಮೊದಲೆಲ್ಲ ತಲೆಯ ಮೇಲೆ ಕೈಯಿಟ್ಟು ಕೂದಲು ಕೆದರುತ್ತಿದ್ದವರು ಈಗ ಕೈಯನ್ನು ಅರ್ಧಕ್ಕೇ ಎತ್ತಿ ಇಳಿಸುವರು. ಹಡಗಿನಲ್ಲಿದ್ದಾಗ ದೂರವಿದ್ದ ಪಪ್ಪ ಇಷ್ಟು ದೂರವಿರಲಿಲ್ಲ. ಒಂದು ದಿನ ಮಮ್ಮಿ ಒಲೆ ಊದುತ್ತಿದ್ದವಳು ಊದುಕೊಳವೆ ಕೆಳಗಿಟ್ಟು, ಹೊಗೆಗೋ ಏನೋ ಕಣ್ಣೊರೆಸಿಕೊಂಡು ನನ್ನಲ್ಲಿ ಹೇಳಿದಳು.

"ಎದೆ ಉಳಿಸ್ಲಿಕ್ಕೆ ಹೋಗಿ ಮನುಷ್ಯನನ್ನೇ ಕಳ್ಕೊಳ್ತೇನೆ ಅಂತ ಕಾಣ್ತದೆ, ಬಾಯ್."

ಹೆಣ್ಣುಮಗುವನ್ನು ನಮ್ಮ ಕೊಂಕಣಿಯಲ್ಲಿ ಬಾಯ್ ಎಂದೇ ಕರೆಯುವುದು. ಮಮ್ಮಿ ನನ್ನನ್ನು ಸಣ್ಣವಳೆಂದು ಬದಿಗಿಡದೆ ಮನಸ್ಸಿನ ಮಾತು ಆಡಿದ್ದು ಅದೇ ಮೊದಲು. ನನಗೆ ಭಯವೂ ಆಯಿತು, ಸ್ವಲ್ಪ ಹೆಮ್ಮೆಯೂ ಆಯಿತು. ನಾನು ತೋಚಿದ್ದನ್ನು ಹೇಳಿದೆ: ಕೊಬ್ಬು ಹಾಕದೆ ಕಪ್ಪು ಶ್ಯಾವಿಗೆ ಮಾಡಲಿಕ್ಕೆ ಆಗುವುದಿಲ್ಲವಾ?

ಮಮ್ಮಿಗೆ ಅದು ಹಿಡಿಸಿತು. ಮುಂದಿನ ಭಾನುವಾರ ಪೂಜೆ ಮುಗಿಸಿ ಬಂದವರೇ ಅಟ್ಟದಿಂದ ಬಾಣಲೆ ಇಳಿಸಿದೆವು. ಹಿಡಿ ತಿರುಗಿಸುವುದಕ್ಕೆ ಪಪ್ಪನ ಜಾಗದಲ್ಲಿ ನಾನು. ನನ್ನ ತೋಳಿಗೆ ಬಲ ಸಾಲದೆ ತಮ್ಮನೂ ಜೋತುಬಿದ್ದ. ಕೊಬ್ಬಿನ ಬದಲು ಒಂದೇ ಚಮಚ ತೆಂಗಿನೆಣ್ಣೆ. ಬಿಸಿಬಿಸಿ ಶ್ಯಾವಿಗೆಯನ್ನು ಮಮ್ಮಿ ಎಂದಿನಂತೆ ಬಾಣಲೆಗೆ ಓಡಿಸಿದಳು. ಎರಡು ಸಲ ಸೌಟಾಡಿಸುವಷ್ಟರಲ್ಲಿ ಎಳೆಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಯಿತು. ಆ ಮುದ್ದೆಯಲ್ಲಿ ಸಿಗಡಿಗಳು ಹೂತುಹೋದವು. ತಳ ಹಿಡಿದ ವಾಸನೆ ವರಾಂಡದವರೆಗೂ ಹೋಯಿತು. ಮುಂದಿನ ವಾರ ಎಣ್ಣೆ ಒಂದು ಚಮಚ ಜಾಸ್ತಿ, ಅದೇ ಮುದ್ದೆ. ಅದರ ಮುಂದಿನ ವಾರ ನೀರು ಚಿಮುಕಿಸಿ ನೋಡಿದಳು, ಪಾಯಸದಂತಾಯಿತು. ಪಪ್ಪ ಎಲ್ಲವನ್ನೂ ಮೂಗಿನಿಂದಲೇ ನೋಡುತ್ತಿದ್ದರು, ತುಟಿ ಬಿಚ್ಚಲಿಲ್ಲ. ತಟ್ಟೆ ಕೊಂಡೊಯ್ದರೆ ಪಕ್ಕಕ್ಕೆ ಸರಿಸಿ ಗಂಜಿ ಕೇಳುವರು. ನಾಲ್ಕನೆಯ ಸಲವೂ ಮುದ್ದೆಯಾದಾಗ ಮಮ್ಮಿ ಬಾಣಲೆಯನ್ನು ಎತ್ತಿ ಅಂಗಳಕ್ಕೆ ಸುರಿಯಲು ಹೊರಟಳು. ಹೊಸ್ತಿಲಲ್ಲಿ ಪಪ್ಪ ನಿಂತಿದ್ದರು. ಎಷ್ಟೋ ವಾರಗಳ ಮೇಲೆ ಕುರ್ಚಿ ಬಿಟ್ಟು ಎದ್ದು ಬಂದಿದ್ದರು.

"ಬಿಸಿ ಶ್ಯಾವಿಗೆ ಹಾಕಿದ್ರೆ ಹಾಗೇ ಆಗುದು ಮಾರಾಯ್ತಿ! ತಣಿಬೇಕು ಅದು. ಪೂರಾ ತಣಿಬೇಕು!"

ಮಮ್ಮಿ ಬಾಣಲೆ ಹಿಡಿದುಕೊಂಡೇ ನಿಂತಳು.

"ಎಂತ ಹೇಳಿದ್ರಿ?"

ಪಪ್ಪನಿಗೆ ಬಾಯಿ ತಪ್ಪಿ ಬಂದದ್ದೆಂದು ಆಗಲೇ ಗೊತ್ತಾಗಿರಬೇಕು. ಅವರು ಕಣ್ಣು ಬೇರೆ ಕಡೆ ಮಾಡಿದರು. ಮಮ್ಮಿ ಬಿಡಲಿಲ್ಲ.

"ಪಿನಾಂಗಿನಲ್ಲಿ ತಣ್ಣಗಿನದ್ದು ಹಾಕುದಾ?"

"ಎಲ್ಲಾ ಕಡೆ ಹಾಗೇ. ಹಿಂದಿನ ದಿನದ್ದಾದ್ರೆ ಇನ್ನೂ ಒಳ್ಳೆದು. ಎಳೆ ಗಟ್ಟಿಯಾಗ್ತದೆ. ಎಣ್ಣೆ ಹೆಚ್ಚು ಬೇಡ."

"ಮತ್ತೆ ಇಷ್ಟು ವರ್ಷ ನಾನು ಬಿಸಿ ತಂದು ಕೊಟ್ಟಾಗ?"

"ಕೊಬ್ಬು ಜಾಸ್ತಿ ಸುರಿದ್ರೆ ಅಂಟುದಿಲ್ಲ. ಜಾರ್ತದೆ."

ಮಮ್ಮಿ ಬಾಣಲೆಯನ್ನು ಕೆಳಗಿಟ್ಟಳು. ಅವಳ ದನಿ ಏರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ತಣ್ಸು ಅಂತ ಒಂದು ಮಾತು ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು?"

ಪಪ್ಪ ಬಾಗಿಲ ಚೌಕಟ್ಟಿಗೆ ಕೈಯೂರಿ ನಿಂತು, ಯಾರಿಗೋ ವರದಿ ಒಪ್ಪಿಸುವವರಂತೆ ನಿಧಾನವಾಗಿ ಹೇಳಿದರು. ಮದುವೆಯಾದ ಮೇಲೆ ಮೊದಲ ರಜೆ. ಪಿನಾಂಗಿನ ಅಡುಗೆಯನ್ನು ಹೊಸ ಹೆಂಡತಿಗೆ ತಿನ್ನಿಸುವ ಆಸೆ. ಶ್ಯಾವಿಗೆ ಒತ್ತಿಕೊಡು ಎಂದರೆ ಈಕೆ ನಸುಕಿಗೇ ಎದ್ದು, ಬೆಂದ ಉಂಡೆ ಎತ್ತಿ ಎತ್ತಿ ಬೆರಳೆಲ್ಲ ಕೆಂಪು ಮಾಡಿಕೊಂಡು, ಆವಿಯಾಡುವ ಶ್ಯಾವಿಗೆಯನ್ನು ಎಲೆಯಲ್ಲಿ ಹಿಡಿದು ತಂದಳು. ಈಕೆಯ ಅತ್ತೆ ಪಕ್ಕದಲ್ಲೇ ನಿಂತು, ನಮ್ಮ ಸೊಸೆ ಶ್ಯಾವಿಗೆಯನ್ನು ಆರಲು ಬಿಡುವವಳಲ್ಲ ಎಂದು ನೆರೆಯವರೆದುರು ಹೊಗಳುತ್ತಿದ್ದಾರೆ.

"ನಿನ್ನ ಮುಖ ನೋಡಿದೆ ಸೆವ್ರಿನ್. ಬೆರಳು ನೋಡಿದೆ. ತಣ್ಣಗಾದ ಮೇಲೆ ತಾ ಅಂತ ಹೇಗೆ ಹೇಳುದು? ಎರಡು ಸೌಟು ಕೊಬ್ಬು ಜಾಸ್ತಿ ಹಾಕಿದೆ. ಆಯ್ತು. ಮತ್ತೆ ಅದೇ ಅಭ್ಯಾಸ ಆಯ್ತು."

ಹೆಂಡತಿಯ ಬೆರಳು ನೋಡಿ ಗಂಡ ಬಾಯಿ ಮುಚ್ಚಿಕೊಂಡ ಎನ್ನುವುದು ಕೇಳಲು ಎಷ್ಟು ಚೆಂದ! ನಾನೂ ಆ ಕ್ಷಣ ಕರಗಿಯೇ ಹೋದೆ. ಮಮ್ಮಿ ಕರಗಲಿಲ್ಲ. ಅವಳಿಗೆ ಅದರ ಇನ್ನೊಂದು ಬದಿ ಕಂಡಿತ್ತು. ಇಷ್ಟು ವರ್ಷ ತನ್ನ ಮರ್ಯಾದೆ ಕಾಯುವುದಕ್ಕೆಂದು ಈ ಮನುಷ್ಯ ತಿಂದ ಕೊಬ್ಬೆಲ್ಲ ಅವಳ ಕಣ್ಣ ಮುಂದೆ ಬಂದು ನಿಂತಿರಬೇಕು.

"ನನ್ನ ಬೆರಳು ಎರಡು ದಿನಕ್ಕೆ ಸರಿಯಾಗ್ತಿತ್ತು," ಎಂದಳು. "ನಿಮ್ಮ ಎದೆ ಎಂತ ಮಾಡುದು? ಹೇಳಿದ್ರೆ ನಾನು ಸಾಯ್ತಿದ್ನಾ? ಜಾಸ್ತಿ ಆದ್ರೆ ಒಂದು ದಿನ ಮಾತು ಬಿಡ್ತಿದ್ದೆ."

ಅಷ್ಟು ಹೇಳಿ ಬಾವಿಕಟ್ಟೆಗೆ ಹೋದಳು. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುವ ಸದ್ದು ತುಂಬ ಹೊತ್ತು ಕೇಳಿತು. ಡಾಕ್ಟರನ್ನು ಕೇಳಿದರೆ ಸಿಗರೇಟು, ನಿದ್ದೆಗೇಡು, ಅಡುಗೆಕೋಣೆಯ ಸೆಕೆ ಎಂದು ಇನ್ನೆಷ್ಟೋ ಕಾರಣ ಹೇಳಿಯಾರು. ಭಾನುವಾರದ ಶ್ಯಾವಿಗೆಯೊಂದರಿಂದ ಯಾರ ಎದೆಯೂ ಕೆಡುವುದಿಲ್ಲ. ಅದು ನನಗೆ ಈಗ ಗೊತ್ತು, ಮಮ್ಮಿಗೂ ಗೊತ್ತಿತ್ತೇನೋ. ಆದರೂ ಅವಳ ಸಿಟ್ಟು ಸುಳ್ಳಾಗಿರಲಿಲ್ಲ. ಪಪ್ಪ ಹೊಸ್ತಿಲಲ್ಲೇ ಕುಳಿತುಬಿಟ್ಟರು. ನನ್ನನ್ನು ನೋಡಿ ಕೇಳಿದರು.

"ನಿನಗೆ ಎಂತ ಕಾಣ್ತದೆ? ಹೇಳ್ಬೇಕಿತ್ತಾ?"

ನಮ್ಮ ಮನೆಯಲ್ಲಿ ಹಿರಿಯರ ಜಗಳಕ್ಕೆ ಮಕ್ಕಳು ಬಾಯಿ ಹಾಕುವ ಕ್ರಮವಿರಲಿಲ್ಲ. ಹಾಕಿದರೆ ಮೊದಲು ಬೀಳುವ ಪೆಟ್ಟು ಪಪ್ಪನದೇ. ನಾನು ಗೋಡೆಗೆ ಅಂಟಿ ನಿಂತು, "ಹೇಳ್ಬೇಕಿತ್ತು ಪಪ್ಪ" ಎಂದೆ. ಅವರು ತಲೆಯಾಡಿಸಿದರು. ಕೈ ಚಾಚಿ ನನ್ನ ತಲೆಕೂದಲು ಕೆದರಿದರು, ಹಿಂದಿನ ಹಾಗೆಯೇ.

ಮುಂದಿನ ಶನಿವಾರ ಸಂಜೆ ತೇರ್ಸಕ್ಕೂ ಮೊದಲೇ ಮಮ್ಮಿ ಮಣೆಯನ್ನು ಹೊರಗೆಳೆದಳು. ಮಾತಿಲ್ಲ ಕತೆಯಿಲ್ಲ, ಉಂಡೆ ತುಂಬಿ ನನಗೆ ಹಿಡಿ ತೋರಿಸಿದಳು. ಇಳಿದ ಶ್ಯಾವಿಗೆಯನ್ನು ಗೆರಸೆಯಲ್ಲಿ ಬಿಡಿಬಿಡಿಯಾಗಿ ಹರಡಿ ಬಟ್ಟೆ ಮುಚ್ಚಿದಳು. ಅಷ್ಟರಲ್ಲಿ ಕರಿಬೇವು ಕೇಳಲು ಬಂದ ಗಿರಿಜಕ್ಕ ಗೆರಸೆ ನೋಡಿ ನಿಂತಳು.

"ಅಯ್ಯೋ ಬಾಯಮ್ಮ, ಶ್ಯಾವಿಗೆ ತಣಿತಾ ಉಂಟಲ್ಲ! ಯಾರಿಗಾದ್ರೂ ಹುಷಾರಿಲ್ವಾ?"

ಇದೇ ಮಾತಿಗೆ ಹೆದರಿ ಮಮ್ಮಿ ವರ್ಷಗಟ್ಟಲೆ ಶ್ಯಾವಿಗೆಯನ್ನು ಬಿಸಿಯಾಗಿಯೇ ಓಡಿಸಿದ್ದು. ಮಮ್ಮಿ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು ನೆಟ್ಟಗೆ ನಿಂತು ಹೇಳಿದಳು.

"ತಣೀಲಿ ಗಿರಿಜಕ್ಕ. ನಮ್ಮವರಿಗೆ ತಣ್ಣಗಿನದ್ದೇ ಬೇಕಂತೆ. ಮೊನ್ನೆ ಗೊತ್ತಾಯ್ತು ನಂಗೆ."

ಭಾನುವಾರ ಬೆಳಿಗ್ಗೆ ಹೊಸ್ತಿಲಿಂದೀಚೆ, ಒಲೆಯಿಂದ ಸಾಕಷ್ಟು ದೂರದಲ್ಲಿ ಒಂದು ಸ್ಟೂಲು ಬಂತು. ಇಟ್ಟದ್ದು ಮಮ್ಮಿ. ಕುಳಿತದ್ದು ಪಪ್ಪ. ಬಾಣಲೆ ಹೊಗೆಯಾಡುವವರೆಗೂ ಕಾಯಿಸು ಎಂದರು, ಕಾಯಿಸಿದಳು. ಒಂದು ಚಮಚ ಎಣ್ಣೆ, ಬೆಳ್ಳುಳ್ಳಿ, ಸಿಗಡಿ. ಸಿಗಡಿ ಬಾಗಿದ ಕೂಡಲೇ ಹೊರಗೆ ತೆಗಿ ಎಂದರು, ತೆಗೆದಳು. ತಣಿದ ಶ್ಯಾವಿಗೆ ಬಾಣಲೆಗೆ ಬಿದ್ದಾಗ ಅಂಟುವ ಬದಲು ಚುರ್ರೆಂದು ಸದ್ದು ಮಾಡಿತು. ಆ ಸದ್ದು ಕೇಳಿ ಪಪ್ಪನ ಎರಡೂ ಕೈಗಳು ತಾವಾಗಿಯೇ ಗಾಳಿಯಲ್ಲಿ ಬಾಣಲೆ ಹಾರಿಸಿದವು. ಮರುವಾಯಿ ಬೇಯಿಸಿದಾಗ ಬಿಟ್ಟ ನೀರನ್ನು ಮಮ್ಮಿ ಚೆಲ್ಲದೆ ಇಟ್ಟಿದ್ದಳು. ಅದನ್ನು ಬೆರಳಿನಲ್ಲಿ ಚಿಮುಕಿಸು ಎಂದರು, ಕಡಲಿನ ಉಪ್ಪು ಅದರಲ್ಲೇ ಉಂಟು, ಬೇರೆ ಬೇಡ. ಮೊಳಕೆಕಾಳು, ಮೊಟ್ಟೆಯ ಬಿಳಿ, ಸೋಯಾ ಬಣ್ಣಕ್ಕೆ ಬೇಕಾದಷ್ಟೇ. ಅಷ್ಟಾದ ಮೇಲೆ ಮಮ್ಮಿ ಪಪ್ಪನನ್ನು ಕೇಳದೆಯೇ ಬಾವಿಯ ಬಳಿಯ ಮರದ ಎರಡು ಹುಳಿ ಬಿಂಬುಳಿ ಕಾಯಿಗಳನ್ನು ತೆಳ್ಳಗೆ ಹೆಚ್ಚಿ ಮೇಲೆ ಉದುರಿಸಿದಳು.

"ಪಿನಾಂಗಿನಲ್ಲಿ ಬಿಂಬುಳಿ ಹಾಕುದಿಲ್ಲ," ಎಂದರು ಪಪ್ಪ.

"ಇದು ಕುಲಶೇಖರ. ಹುಳಿ ಇದ್ರೆ ಉಪ್ಪು ಕಮ್ಮಿ ಅಂತ ಗೊತ್ತಾಗುದಿಲ್ಲ."

ಎಳೆ ಎಳೆಯಾಗಿ, ಹಗುರಾಗಿ, ಎಲ್ಲೂ ಜಿಡ್ಡಿಲ್ಲದೆ ಬಂತು. ಪಪ್ಪ ವರಾಂಡಕ್ಕೆ ತಟ್ಟೆ ಕೇಳಲಿಲ್ಲ, ಒಳಗೆ ನಮ್ಮ ಜೊತೆಗೇ ಕುಳಿತರು. ಮಮ್ಮಿ ಬಡಿಸಿ, ತಾನು ಬಡಿಸಿಕೊಳ್ಳದೆ ಅವರ ಬಾಯಿಯನ್ನೇ ನೋಡುತ್ತ ನಿಂತಳು. ಅವರು ಒಂದು ತುತ್ತು ತಿಂದರು, ಇನ್ನೊಂದು ತಿಂದರು, ತಟ್ಟೆ ಬರಿದಾಗುವವರೆಗೂ ತಲೆಯೆತ್ತಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದು ತಮ್ಮನಿಗೆ ಹೇಳಿದೆ, ಆದರೆ ಅದರಲ್ಲಿ ಖಾರವೇನೂ ಇರಲಿಲ್ಲ.

"ಹೇಗುಂಟು?" ಮಮ್ಮಿ ಕೇಳಿದಳು.

"ಲಾಯ್ಕುಂಟು."

"ಹಾಗಲ್ಲ. ಸರಿಯಾಗಿ ಹೇಳಿ. ಇದು ಒಳ್ಳೆದಾ, ಕೊಬ್ಬಿನ ಹಳೆಯದ್ದಾ?"

ಪಪ್ಪ ಮಮ್ಮಿಯ ಮುಖ ನೋಡಿದರು. ಅವಳ ಕೈಬೆರಳುಗಳು ಅಂದೂ ಕೆಂಪಗೇ ಇದ್ದವು. ಹಿಂದಿನ ಸಂಜೆ ಉಂಡೆ ಎತ್ತಿದ್ದು ಅವಳೇ ತಾನೆ. ಪಪ್ಪ ಆ ಬೆರಳುಗಳನ್ನೂ ನೋಡಿದರು. ಈ ಸಲವೂ ನುಂಗಿಕೊಳ್ಳುತ್ತಾರೆ ಎಂದುಕೊಂಡೆ.

"ಹಳೆಯದ್ದೇ," ಎಂದರು.

ಮಮ್ಮಿ ಬಾಣಲೆಯನ್ನು ಹತ್ತಿರಕ್ಕೆಳೆದುಕೊಂಡು ಅವರ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು.

"ಹೇಳಿದ್ರಲ್ಲ," ಎಂದಳು. "ತಿನ್ನಿ ಈಗ."